ಚರೆ, ಮಂಜು, ಗಾಜು: ಕೊಡಗಿನ ಎಕ್ಸ್-ರೇ ಕೋಣೆಯ ಚರಿತ್ರೆ

ಕೊಡಗಿನ ಎಕ್ಸ್-ರೇ ಕೋಣೆಗೆ ಅದರದೇ ಪಂಚಾಂಗವಿದೆ. ಡಿಸೆಂಬರಿನಲ್ಲಿ ಕಾಫಿ ಕುಯ್ಲು ಶುರುವಾದರೆ ಜಾರಿ ಬಿದ್ದವರ ಮಣಿಕಟ್ಟು. ಫೆಬ್ರವರಿ, ಮಾರ್ಚಿನಲ್ಲಿ ಕರಿಮೆಣಸಿಗೆಂದು ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸಿದರೆ ಹಿಮ್ಮಡಿ, ಸೊಂಟ. ಎತ್ತರದಿಂದ ಕಾಲೂರಿ ಬಿದ್ದವನ ಹಿಮ್ಮಡಿ ಮೂಳೆ ಒಡೆದಿದ್ದರೆ ಅವನ ಬೆನ್ನುಮೂಳೆಯ ಚಿತ್ರವನ್ನೂ ತೆಗೆಯಬೇಕು, ಪೆಟ್ಟು ನೇರ ಮೇಲಕ್ಕೆ ಹತ್ತಿರುತ್ತದೆ. ಇದನ್ನು ನಮಗೆ ಪುಸ್ತಕಕ್ಕಿಂತ ಚೆನ್ನಾಗಿ ಮೆಣಸಿನ ಬಳ್ಳಿ ಕಲಿಸಿತು. ಏಪ್ರಿಲ್, ಮೇ ಹಾಕಿಯ ಕಾಲ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಆರಂಭಿಸಿದ ಮೇಲೆ ಆ ಎರಡು ತಿಂಗಳು ಬೆರಳು, ಮೂಗು, ಮೊಣಕಾಲ ಚಿಪ್ಪಿಗೆ ಮೀಸಲಾದವು. ಕಕ್ಕಡ ತಿಂಗಳ ಜಡಿಮಳೆಯಲ್ಲಿ ಕೆಮ್ಮಿನವರ ಎದೆ. ಆನೆ ತುಳಿತಕ್ಕೆ ಮಾತ್ರ ಕಾಲವಿಲ್ಲ, ಅದು ವರ್ಷವಿಡೀ.

ಇವುಗಳ ನಡುವೆ ಕೊಡಗಿಗೇ ವಿಶೇಷವಾದ ಇನ್ನೊಂದು ಚಿತ್ರವಿದೆ: ಚರೆ. ಕೋವಿಗೆ ಇಲ್ಲಿ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ, ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆ ಇದೆ, ತೆಂಗಿನಕಾಯಿಗೆ ಗುರಿ ಇಡುವ ಪಂದ್ಯವಿದೆ. ಹಂದಿಗೆಂದು ಹಾರಿದ ತೋಟಾ ಕತ್ತಲಲ್ಲಿ ಮನುಷ್ಯನಿಗೆ ತಾಗಿದ್ದೂ ಇದೆ. ಸೀಸದ ಕಾಳು ಎಕ್ಸ್-ರೇಯಲ್ಲಿ ಅಪ್ಪಟ ಬಿಳಿಯಾಗಿ, ದುಂಡಗೆ, ಅಂಚು ಚೂರೂ ಕದಡದಂತೆ ಮೂಡಬೇಕು. ಅಂಚು ಮಸುಕಾಗಿದ್ದರೆ ರೋಗಿ ಅಲುಗಾಡಿರಬೇಕು, ಇಲ್ಲವೇ ಚಿತ್ರ ಹಿಡಿಯುವ ನಮ್ಮ ಹಲಗೆ ಸರಿಯಿಲ್ಲ. ನಿವೃತ್ತ ಸೈನಿಕರ ಎದೆಯ ಚಿತ್ರ ತೆಗೆಯುವಾಗ 1965ರ, 1971ರ ಯುದ್ಧದ ಚೂರುಗಳು ಹೀಗೆಯೇ ಫಕ್ಕನೆ ಎದ್ದು ಬರುತ್ತಿದ್ದವು. ‘ಅದು ಹಾಗೇ ಇರಲಿಯಮ್ಮ, ಲಾಹೋರಿನಿಂದ ತಂದಿದ್ದು’ ಎಂದು ಒಬ್ಬ ಸುಬೇದಾರರು ನಕ್ಕಿದ್ದರು.

ನಾನು ಈ ಕೋಣೆಗೆ ಕಾಲಿಟ್ಟಿದ್ದು 1979ರಲ್ಲಿ. ಮೈಸೂರಿನಲ್ಲಿ ತರಬೇತಿ ಮುಗಿಸಿ, ಕಾಫಿ ತೋಟಗಳ ನಡುವಿನ ಒಂದು ಸಣ್ಣ ಆಸ್ಪತ್ರೆಗೆ ಎಕ್ಸ್-ರೇ ತಂತ್ರಜ್ಞೆಯಾಗಿ ಸೇರಿದೆ. ಹೆಂಗಸು ಆ ಕತ್ತಲೆ ಕೋಣೆಯಲ್ಲಿ ಏನು ಮಾಡುತ್ತಾಳೆ ಎಂದು ನೆಂಟರು ಕೇಳುತ್ತಿದ್ದ ಕಾಲ ಅದು. ಲೈನ್‌ಮನೆಯ ಕೂಲಿಗಳು, ರೈಟರುಗಳು, ಹಾಡಿಯ ಜೇನುಕುರುಬರು, ಯರವರು, ದೊರೆಗಳು ಎಲ್ಲರೂ ಒಂದೇ ಮೇಜಿನ ಮೇಲೆ ಮಲಗಿ ಎದ್ದರು.

ಎಕ್ಸ್-ರೇ ಎಂದರೆ ಜನ ನೋಡುವುದು ಮೇಲಿನಿಂದ ಇಳಿಬಿದ್ದ ಕೊಳವೆಯನ್ನು. ನನ್ನ ಲೆಕ್ಕದಲ್ಲಿ ಈ ಕಸುಬಿನ ಚರಿತ್ರೆ ಇರುವುದು ರೋಗಿಯ ಬೆನ್ನಿಗೆ ತಾಗಿರುವ ಹಲಗೆಯಲ್ಲಿ. ಕಿರಣ 1895ರಲ್ಲಿ ಹೇಗಿತ್ತೋ ಇಂದಿಗೂ ಹಾಗೆಯೇ ಇದೆ. ಬದಲಾಗುತ್ತ ಬಂದಿದ್ದು ಅದನ್ನು ಹಿಡಿಯುವ ವಸ್ತು. ಗಾಜಿನ ಪ್ಲೇಟು, ಫಿಲ್ಮು, ಹೊಳೆಯುವ ಪುಡಿ ಬಳಿದ ಪರದೆ, ಚಿತ್ರವನ್ನು ನೆನಪಿಟ್ಟುಕೊಳ್ಳುವ ಪ್ಲೇಟು, ಕಂಪ್ಯೂಟರಿಗೆ ಜೋಡಿಸಿದ ಫಲಕ, ಈಗ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿರುವ ಗಾಜು-ಸೆರಾಮಿಕ್. ಒಂದೊಂದು ಬದಲಾವಣೆಯ ಹಿಂದೆಯೂ ಇದ್ದದ್ದು ಒಂದೇ ಚೌಕಾಸಿ: ರೋಗಿಯ ಮೈಗೆ ಕಿರಣ ಕಡಿಮೆ ಬೀಳಬೇಕು, ಚಿತ್ರ ಮಾತ್ರ ಸ್ಪಷ್ಟವಾಗಿರಬೇಕು.

ಗಾಜು ಈ ಕಥೆಯಲ್ಲಿ ಮೊದಲ ದಿನದಿಂದಲೂ ಇದೆ. 1895ರ ನವೆಂಬರ್ 8ರಂದು ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ವಿಲ್ಹೆಲ್ಮ್ ರಾಂಟ್ಜನ್ ಪ್ರಯೋಗಕ್ಕೆ ಹಿಡಿದದ್ದು ಗಾಳಿ ತೆಗೆದ ಗಾಜಿನ ಕೊಳವೆಯನ್ನು. ಅದನ್ನು ಕಪ್ಪು ರಟ್ಟಿನಿಂದ ಮುಚ್ಚಿದ್ದರೂ ದೂರದಲ್ಲಿದ್ದ ಬೇರಿಯಂ ಪ್ಲಾಟಿನೋಸಯನೈಡ್ ಬಳಿದ ಹಾಳೆ ಮಿನುಗಿತು. ಆರು ವಾರ ಕಳೆದು ಅವರು ಹೆಂಡತಿ ಬರ್ತಾ ಅವರ ಕೈ ಮೂಳೆ ಮತ್ತು ಉಂಗುರದ ಚಿತ್ರವನ್ನು ಗಾಜಿನ ಫೋಟೋ ಪ್ಲೇಟಿನ ಮೇಲೆ ಇಳಿಸಿದರು. ಕೊಳವೆಯೂ ಗಾಜು, ಪ್ಲೇಟೂ ಗಾಜು. ಆದರೆ ಎರಡೂ ಕಡೆ ಅದು ಬರೀ ಪಾತ್ರೆ, ಬರೀ ಆಸರೆ. ಕಿರಣವನ್ನು ಹಿಡಿದದ್ದು ಪ್ಲೇಟಿಗೆ ಬಳಿದ ಬೆಳ್ಳಿಯ ಲವಣ. ಅದು ಈ ಕಿರಣವನ್ನು ಅಷ್ಟಾಗಿ ತಡೆಯುವುದಿಲ್ಲ, ಬಹುಪಾಲು ಸುಮ್ಮನೆ ದಾಟಿಹೋಗುತ್ತದೆ. ಹಾಗಾಗಿ ಆಗಿನ ರೋಗಿ ಒಂದು ಚಿತ್ರಕ್ಕಾಗಿ ಬಹಳ ಹೊತ್ತು ಕಿರಣದ ಎದುರು ಕೂರಬೇಕಿತ್ತು.

ದಾರಿ ತೋರಿಸಿದ್ದು ನಮ್ಮ ಕೊಡಗಿನವರಿಗೆ ಚೆನ್ನಾಗಿ ಅರ್ಥವಾಗುವ ಒಂದು ಗಾಯ. 1896ರ ಆರಂಭದಲ್ಲಿ ನ್ಯೂಯಾರ್ಕಿನ ವಕೀಲ ಪ್ರೆಸ್ಕಾಟ್ ಬಟ್ಲರ್ ಎಂಬವರ ಎಡಗೈಗೆ ಕೋವಿಯ ಚರೆ ಪೂರ್ತಿ ಹೊಕ್ಕಿತ್ತು. ಅವರನ್ನು ಕೊಲಂಬಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಮೈಕೆಲ್ ಪ್ಯೂಪಿನ್ ಬಳಿ ಕರೆತಂದರು. ನೋವಿನಿಂದ ನರಳುವ ಮನುಷ್ಯ ಹತ್ತಿರ ಹತ್ತಿರ ಒಂದು ಗಂಟೆ ಕೈ ಅಲುಗಿಸದೆ ಇರುವುದು ಹೇಗೆ? ಪ್ಯೂಪಿನ್ ತಮ್ಮ ಗೆಳೆಯ ಎಡಿಸನ್ ಕಳಿಸಿದ್ದ ಹೊಳೆಯುವ ಪರದೆಯನ್ನು ಫೋಟೋ ಪ್ಲೇಟಿಗೆ ಅಂಟಿಸಿ ಇಟ್ಟರು. ಕಿರಣ ಪರದೆಯನ್ನು ಬೆಳಗಿಸಿತು, ಆ ಬೆಳಕು ಪ್ಲೇಟಿನ ಮೇಲೆ ಬಿತ್ತು, ಕೆಲವೇ ಸೆಕೆಂಡುಗಳಲ್ಲಿ ಕೈಯೊಳಗಿನ ಚರೆಗಳೆಲ್ಲ ಎಣಿಸುವಷ್ಟು ಸ್ಪಷ್ಟವಾಗಿ ಮೂಡಿದವು. ಮುಂದಿನ ಸುಮಾರು ನೂರು ವರ್ಷ ಜಗತ್ತಿನ ಎಲ್ಲ ಎಕ್ಸ್-ರೇ ಕೋಣೆಗಳೂ ನಡೆದದ್ದು ಈ ಉಪಾಯದ ಮೇಲೆಯೇ. ನಾವು ಅದನ್ನು ಬರೀ ಸ್ಕ್ರೀನ್ ಎನ್ನುತ್ತಿದ್ದೆವು.

ಆ ಪರದೆಗೆ ಬಳಿಯಲು ಎಡಿಸನ್ ಸಾವಿರಾರು ವಸ್ತುಗಳನ್ನು ಪರೀಕ್ಷಿಸಿ ಆರಿಸಿದ್ದು ಕ್ಯಾಲ್ಸಿಯಂ ಟಂಗ್‌ಸ್ಟೇಟ್. ನೆಲದಲ್ಲಿ ಸಿಗುವ ಷೀಲೈಟ್ ಎಂಬ ಖನಿಜವೂ ಅದೇ. ನಮ್ಮ ಕೋಲಾರದ ಚಿನ್ನದ ಅದಿರಿನ ಜೊತೆಗೂ ಅದು ಇದೆ. ಕಿರಣ ತಾಗಿದರೆ ನೀಲಿಯಾಗಿ ಹೊಳೆಯುತ್ತದೆ. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಕ್ಯಾಸೆಟ್ಟುಗಳ ಒಳಗೆ ಇದ್ದದ್ದು ಇದರದೇ ಬಿಳಿ ಪರದೆ, ಎರಡು ಕಡೆಯೂ ಒಂದೊಂದು, ನಡುವೆ ಫಿಲ್ಮು.

ಇಲ್ಲಿಯೇ ಆ ಚೌಕಾಸಿ ಶುರುವಾಗುವುದು. ಪರದೆ ಎಂದರೆ ಅಂಟಿನಲ್ಲಿ ಕಲಸಿ ಬಳಿದ ಪುಡಿ. ದಪ್ಪ ಬಳಿದರೆ ಹೆಚ್ಚು ಕಿರಣ ಸಿಕ್ಕಿಕೊಳ್ಳುತ್ತದೆ, ಹೆಚ್ಚು ಬೆಳಕು ಬರುತ್ತದೆ, ರೋಗಿಗೆ ಕಿರಣ ಕಡಿಮೆ ಸಾಕು. ಆದರೆ ಒಂದು ಕಾಳಿನಲ್ಲಿ ಹುಟ್ಟಿದ ಬೆಳಕು ಪಕ್ಕದ ಕಾಳಿಗೆ ಬಡಿದು, ಅಲ್ಲಿಂದ ಇನ್ನೊಂದಕ್ಕೆ ಬಡಿದು, ಹರಡಿಕೊಂಡು ಫಿಲ್ಮು ಮುಟ್ಟುತ್ತದೆ. ಸಂಪಾಜೆ ಘಾಟಿಯ ಮಂಜಿನಲ್ಲಿ ಜೀಪಿನ ಹೆಡ್‌ಲೈಟ್ ಹಾಕಿದಾಗ ಆಗುವುದೂ ಇದೇ: ಬೆಳಕು ಬೇಕಾದಷ್ಟಿದೆ, ರಸ್ತೆಯ ಅಂಚು ಮಾತ್ರ ಕಾಣುವುದಿಲ್ಲ. ತೆಳ್ಳಗೆ ಬಳಿದರೆ ಅಂಚು ಕಾಣುತ್ತದೆ, ಆಗ ರೋಗಿಗೆ ಕಿರಣ ಹೆಚ್ಚು ಬೇಕು. ಅದಕ್ಕಾಗಿ ನಮ್ಮಲ್ಲಿ ಎರಡು ಬಗೆಯ ಕ್ಯಾಸೆಟ್ ಇರುತ್ತಿದ್ದವು. ಸೊಂಟ, ಹೊಟ್ಟೆಗೆ ಬೇಗ ಬೆಳಗುವ ದಪ್ಪ ಪರದೆ. ಬೆರಳು, ಮಣಿಕಟ್ಟಿಗೆ ನಿಧಾನದ ತೆಳು ಪರದೆ. ಯಾವುದಕ್ಕೆ ಯಾವುದು ಎಂದು ತಿಳಿದವಳೇ ತಂತ್ರಜ್ಞೆ.

ಪರದೆಯ ಮೇಲೆ ಧೂಳಿನ ಕಣ ಕೂತರೆ ಚಿತ್ರದಲ್ಲಿ ಬಿಳಿ ಚುಕ್ಕೆ ಬೀಳುತ್ತದೆ. ಮೂತ್ರಪಿಂಡದ ಜಾಗದಲ್ಲಿ ಬಿದ್ದರೆ ಕಲ್ಲಿನಂತೆ ಕಾಣುತ್ತದೆ. ಹಾಗಾಗಿ ವಾರಕ್ಕೊಮ್ಮೆ ಮೆತ್ತನೆ ಹತ್ತಿ ಬಟ್ಟೆಯಿಂದ ಪರದೆ ಒರೆಸುವುದು ದೇವರ ಕೋಣೆಯ ಕೆಲಸದಷ್ಟೇ ಕಡ್ಡಾಯ.

ಫಿಲ್ಮು ಬರುತ್ತಿದ್ದದ್ದು ಘಟ್ಟದ ಆಚೆಯಿಂದ. 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆ ಆರಂಭಿಸಿದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಹೆಸರಿನ ಪೆಟ್ಟಿಗೆಗಳು ಗುಂಡ್ಲುಪೇಟೆ, ಮೈಸೂರು ಹಾದು ನಮ್ಮ ಕಪಾಟು ಸೇರುತ್ತಿದ್ದವು. ಊಟಿಯ ತಣ್ಣನೆ ಹವೆಯಲ್ಲಿ ಹುಟ್ಟಿದ ಫಿಲ್ಮಿಗೆ ಕೊಡಗಿನ ತೇವ ಸಹಿಸುವುದು ಕಷ್ಟವಾಗುತ್ತಿತ್ತು. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ, ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಫಿಲ್ಮಿನ ಮೈಗೆ ಬಳಿದಿರುವುದು ಜೆಲಟಿನ್. ಅದು ಬೂಷ್ಟಿಗೆ ಪ್ರಿಯವಾದ ಆಹಾರ. ಕಕ್ಕಡದಲ್ಲಿ ಹಳೆಯ ಚಿತ್ರಗಳ ಕಟ್ಟು ಬಿಚ್ಚಿದರೆ ಶ್ವಾಸಕೋಶದ ಮೇಲೆ ಬೂಷ್ಟಿನ ಹೂ ಅರಳಿರುತ್ತಿತ್ತು, ಕ್ಷಯದ ಗುರುತು ಯಾವುದು, ಬೂಷ್ಟು ಯಾವುದು ಎಂದು ಡಾಕ್ಟರು ಕಿಟಕಿಗೆ ಹಿಡಿದು ನೋಡಬೇಕಿತ್ತು.

ಡಾರ್ಕ್‌ರೂಮಿನ ಕೆಂಪು ಬಲ್ಬಿನ ಕೆಳಗೆ ಮೂರು ತೊಟ್ಟಿ: ಡೆವಲಪರ್, ನೀರು, ಹೈಪೋ. ಡೆವಲಪರಿಗೆ ಬೇಕಾದ ಉಷ್ಣತೆ 20 ಡಿಗ್ರಿ, ಸಮಯ ಐದು ನಿಮಿಷ. ಪುತ್ತರಿ ಹಬ್ಬ ಕಳೆದ ಮೇಲಿನ ಚಳಿಯಲ್ಲಿ ಬೆಳಗ್ಗೆ ತೊಟ್ಟಿಯ ದ್ರಾವಣ ಆ ಮಟ್ಟಕ್ಕಿಂತ ಎಷ್ಟೋ ಕೆಳಗಿರುತ್ತಿತ್ತು. ಅದರಲ್ಲಿರುವ ಹೈಡ್ರೋಕ್ವಿನೋನ್ ಚಳಿಗೆ ಕೆಲಸವನ್ನೇ ನಿಲ್ಲಿಸುತ್ತದೆ, ಚಿತ್ರ ಬೂದಿ ಬಣ್ಣಕ್ಕೆ ತಿರುಗುತ್ತದೆ. ಅಡುಗೆ ಮನೆಯಿಂದ ಬಿಸಿನೀರು ತರಿಸಿ, ಸ್ಟೀಲ್ ಡಬ್ಬಿಯಲ್ಲಿ ತುಂಬಿ ತೊಟ್ಟಿಯೊಳಗೆ ಇಳಿಸಿ, ಥರ್ಮಾಮೀಟರ್ ನೋಡುತ್ತ ನಿಂತು ದಿನ ಆರಂಭಿಸುತ್ತಿದ್ದೆವು. ಮಳೆಗಾಲದಲ್ಲಿ ತೊಳೆಯುವ ನೀರಿನಲ್ಲೇ ಕೆಂಪು ಮಣ್ಣು. ಬಟ್ಟೆ ಕಟ್ಟಿ ಸೋಸಬೇಕು. ತೊಳೆದ ಫಿಲ್ಮು ಒಣಗುವುದು ಇನ್ನೊಂದು ತಪಸ್ಸು. ಬೇಸಿಗೆಯಲ್ಲಿ ತಂತಿಗೆ ನೇತುಹಾಕಿದರೆ ಮುಗಿಯಿತು. ಮಳೆಗಾಲದಲ್ಲಿ ಬಲ್ಬು ಹಾಕಿದ ಮರದ ಪೆಟ್ಟಿಗೆಯೊಳಗೆ ಗಂಟೆಗಟ್ಟಲೆ. ಮೂಳೆ ಮುರಿದವನ ಕಡೆಯವರು ಬಾಗಿಲಲ್ಲಿ ಕಾಯುತ್ತಿದ್ದರೆ ಒದ್ದೆ ಫಿಲ್ಮನ್ನೇ ಹಿಡಿದು ಡಾಕ್ಟರ ಬಳಿಗೆ ಓಡುತ್ತಿದ್ದೆವು. ಜನವರಿಯ ಒಣ ಗಾಳಿಗೆ ಬೇರೆಯೇ ಕಾಟ: ಪೆಟ್ಟಿಗೆಯಿಂದ ಫಿಲ್ಮನ್ನು ಸರ್ರನೆ ಎಳೆದರೆ ಒಳಗೆ ಸಣ್ಣ ವಿದ್ಯುತ್ ಕಿಡಿ ಹಾರಿ, ಚಿತ್ರದಲ್ಲಿ ಎಲೆ ಉದುರಿದ ಮರದ ಕೊಂಬೆಗಳ ಗುರುತು ಮೂಡುತ್ತಿತ್ತು. ಉಗುರು ಒತ್ತಿದರೆ ಅರ್ಧಚಂದ್ರ.

ಪಕ್ಕದ ಕೋಣೆಯಲ್ಲಿ ಸ್ಕ್ರೀನಿಂಗ್. ಅದರಲ್ಲಿ ಫಿಲ್ಮೇ ಇಲ್ಲ. ರೋಗಿ ಬೇರಿಯಂ ನೀರು ಕುಡಿದು ನಿಲ್ಲುತ್ತಾನೆ, ಹಸಿರಾಗಿ ಮಿನುಗುವ ಪರದೆಯನ್ನು ಡಾಕ್ಟರು ಕತ್ತಲಲ್ಲಿ ನೇರ ಕಣ್ಣಿನಿಂದ ನೋಡುತ್ತಾರೆ. ಆ ಮಿನುಗು ಎಷ್ಟು ಮಂದವೆಂದರೆ, ಮೊದಲೇ ಇಪ್ಪತ್ತು ಮೂವತ್ತು ನಿಮಿಷ ಕೆಂಪು ಗಾಜಿನ ಕನ್ನಡಕ ಹಾಕಿ ಕಣ್ಣನ್ನು ಕತ್ತಲಿಗೆ ಪಳಗಿಸಬೇಕು. ಆ ಕನ್ನಡಕದ ಉಪಾಯ 1916ರಲ್ಲಿ ವಿಲ್ಹೆಲ್ಮ್ ಟ್ರೆಂಡೆಲೆನ್‌ಬರ್ಗ್ ಎಂಬ ಜರ್ಮನ್ ಶರೀರಶಾಸ್ತ್ರಜ್ಞರದು. ಹಗಲು ಹೊತ್ತಿನಲ್ಲಿ ಕೆಂಪು ಕನ್ನಡಕ ಹಾಕಿ ವಾರ್ಡಿನಲ್ಲಿ ಓಡಾಡುವ ಡಾಕ್ಟರನ್ನು ನೋಡಿ ಮಕ್ಕಳು ಅಳುತ್ತಿದ್ದವು. ಪರದೆಯ ಮುಂದೆ ದಪ್ಪನೆಯ, ಹಳದಿ ಛಾಯೆಯ ಸೀಸದ ಗಾಜು. ಬೆಳಕನ್ನು ಬಿಟ್ಟು ಕಿರಣವನ್ನು ತಡೆಯುವುದು ಅದರ ಕೆಲಸ. ನನ್ನ ಕಸುಬಿನಲ್ಲಿ ಗಾಜು ಬಹುಕಾಲ ಮಾಡಿದ್ದು ಇಷ್ಟೇ, ಕಾವಲು.

ಕಾವಲು ಬೇಕೆಂದು ಲೋಕ ಕಲಿತದ್ದು ದುಬಾರಿ ಬೆಲೆ ತೆತ್ತು. ಎಡಿಸನ್ ಅವರ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಕೊಳವೆಗಳನ್ನು ಸ್ವಂತ ಕೈಯ ಮೇಲೆ ಪರೀಕ್ಷಿಸುತ್ತಿದ್ದರು. ಕೈಗಳನ್ನೇ ಕತ್ತರಿಸಬೇಕಾಯಿತು, 1904ರಲ್ಲಿ ಅವರು ಕ್ಯಾನ್ಸರಿನಿಂದ ಸತ್ತರು. ಎಡಿಸನ್ ಆ ಮೇಲೆ ಎಕ್ಸ್-ರೇ ಕೆಲಸಕ್ಕೆ ಕೈ ಹಾಕಲಿಲ್ಲ. ನಮ್ಮ ದೇಶದಲ್ಲಿ ಕಿರಣದ ಜೊತೆ ಕೆಲಸ ಮಾಡುವವರ ಲೆಕ್ಕ ಇಡಲು ಮೊದಲು ಫಿಲ್ಮ್ ಬ್ಯಾಡ್ಜ್ ಇತ್ತು. 1975ರ ಸುಮಾರಿನಿಂದ ಭಾಭಾ ಅಣು ಸಂಶೋಧನಾ ಕೇಂದ್ರದ ಟಿ.ಎಲ್.ಡಿ. (ಥರ್ಮೋಲ್ಯುಮಿನಸೆಂಟ್ ಡೋಸಿಮೀಟರ್) ಬ್ಯಾಡ್ಜ್ ಬಂತು. ಅದರೊಳಗೆ ಮೂರು ಪುಟ್ಟ ಬಿಲ್ಲೆ, ಟೆಫ್ಲಾನಿನಲ್ಲಿ ಕಲಸಿದ ಕ್ಯಾಲ್ಸಿಯಂ ಸಲ್ಫೇಟ್, ಜೊತೆಗೆ ಲೇಶ ಡಿಸ್ಪ್ರೋಸಿಯಂ. ಒಂದರ ಮುಂದೆ ಲೋಹದ ತಡೆ, ಇನ್ನೊಂದರ ಮುಂದೆ ಪ್ಲಾಸ್ಟಿಕ್, ಮೂರನೆಯದು ಬಯಲು. ಕಿರಣ ಬಿದ್ದಾಗ ಈ ಬಿಲ್ಲೆ ಹೊಳೆಯುವುದಿಲ್ಲ. ಶಕ್ತಿಯನ್ನು ಒಳಗೇ ಬಚ್ಚಿಟ್ಟುಕೊಳ್ಳುತ್ತದೆ. ಮೂರು ತಿಂಗಳ ನಂತರ ಪ್ರಯೋಗಾಲಯದಲ್ಲಿ ಬಿಸಿ ಮಾಡಿದಾಗ, ಬಚ್ಚಿಟ್ಟದ್ದನ್ನು ಬೆಳಕಾಗಿ ಬಿಟ್ಟುಕೊಡುತ್ತದೆ. ಎಷ್ಟು ಬೆಳಕೋ ಅಷ್ಟು ಕಿರಣ.

ನಮ್ಮ ಆಸ್ಪತ್ರೆಗೆ ಬ್ಯಾಡ್ಜ್ ಬಂದದ್ದು ತಡವಾಗಿ. ಬಂದ ಮೇಲೂ ಅದನ್ನು ಸೀಸದ ಏಪ್ರನ್ನಿನ ಒಳಗೆ ಎದೆಯ ಮಟ್ಟದಲ್ಲಿ ಧರಿಸಬೇಕು ಎಂದು ಹೇಳಿದವರಿಲ್ಲ, ಮೊಳೆಗೆ ನೇತುಹಾಕಿ ಹೋಗುವವರೇ ಹೆಚ್ಚು. ನಾನು ಬಸುರಿಯಾದಾಗ ಈ ಬಿಲ್ಲೆಯ ಬೆಲೆ ತಿಳಿಯಿತು. ಸ್ಕ್ರೀನಿಂಗ್ ಕೋಣೆಗೆ ಹೋಗುವುದಿಲ್ಲ ಎಂದು ಪಟ್ಟು ಹಿಡಿದೆ. ಆಗಿನ ಮೇಲಿನವರಿಗೆ ಅದು ಹಟಮಾರಿತನ. ಈಗ ನಿಯಮಗಳೇ ಹೇಳುತ್ತವೆ, ಬಸುರು ತಿಳಿಸಿದ ಮೇಲೆ ಮಗುವಿಗೆ ತಾಗುವುದು 1 ಮಿಲಿಸೀವರ್ಟ್ ಮೀರಬಾರದು. 1983ರ ನವೆಂಬರ್ 15ರಂದು ಅಣುಶಕ್ತಿ ನಿಯಂತ್ರಣ ಮಂಡಳಿ ರಚನೆಯಾದ ಮೇಲೆ ಇಂಥ ಮಿತಿಗಳಿಗೆಲ್ಲ ಒಬ್ಬ ಯಜಮಾನ ಸಿಕ್ಕ. ನಮ್ಮಂಥವರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ದಾಟುವಂತಿಲ್ಲ.

ಈ ಬ್ಯಾಡ್ಜ್ ವಿಷಯದಲ್ಲೇ ಗಾಜು ಮೊದಲ ಬಾರಿ ಕಾವಲು ಬಿಟ್ಟು ಅಳೆಯುವ ಕೆಲಸಕ್ಕೆ ಬಡ್ತಿ ಪಡೆಯಿತು. 1950ರ ದಶಕದ ಆರಂಭದಲ್ಲಿ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಷುಲ್ಮನ್ ಮತ್ತು ಸಂಗಡಿಗರು ಬೆಳ್ಳಿ ಬೆರೆಸಿದ ಫಾಸ್ಫೇಟ್ ಗಾಜು ಕಿರಣದ ಗುರುತನ್ನು ಉಳಿಸಿಕೊಳ್ಳುತ್ತದೆ, ನೇರಳಾತೀತ ಬೆಳಕು ಹಾಯಿಸಿದರೆ ಕಿತ್ತಳೆ ಬಣ್ಣದಲ್ಲಿ ಮಿನುಗಿ ಲೆಕ್ಕ ಒಪ್ಪಿಸುತ್ತದೆ ಎಂದು ತೋರಿಸಿದರು. ನಮ್ಮ ಬಿಲ್ಲೆಯನ್ನು ಒಮ್ಮೆ ಕಾಯಿಸಿ ಓದಿದರೆ ಲೆಕ್ಕ ಅಳಿಸಿಹೋಗುತ್ತದೆ, ಗಾಜಿನದು ಮತ್ತೆ ಮತ್ತೆ ಓದಿದರೂ ಉಳಿಯುತ್ತದೆ. ಜಪಾನಿನಲ್ಲಿ ಇಂಥ ಗಾಜಿನ ಬ್ಯಾಡ್ಜ್ ಬಳಕೆಯಲ್ಲಿದೆ. 2011ರ ಫುಕುಶಿಮಾ ದುರಂತದ ನಂತರ ಅಲ್ಲಿನ ಶಾಲಾ ಮಕ್ಕಳ ಕೊರಳಲ್ಲಿ ಇದ್ದದ್ದೂ ಅದೇ.

ಇತ್ತ ನಮ್ಮ ಕ್ಯಾಸೆಟ್ಟಿನ ಒಳಗೂ ಬದಲಾವಣೆ ಬಂತು. 1970ರ ದಶಕದಲ್ಲಿ ಪಶ್ಚಿಮದಲ್ಲಿ ಶುರುವಾದ ವಿರಳ ಭಸ್ಮ ಧಾತುಗಳ ಪರದೆ ನಿಧಾನವಾಗಿ ಘಟ್ಟ ಹತ್ತಿತು: ಗ್ಯಾಡೋಲಿನಿಯಂ ಆಕ್ಸಿಸಲ್ಫೈಡ್, ಹಸಿರು ಹೊಳಪು. ಹಳೆಯ ಟಂಗ್‌ಸ್ಟೇಟ್ ತಾನು ಹಿಡಿದ ಕಿರಣದ ಶಕ್ತಿಯಲ್ಲಿ ಶೇಕಡಾ 5ರಷ್ಟನ್ನು ಮಾತ್ರ ಬೆಳಕು ಮಾಡುತ್ತಿತ್ತು. ಹೊಸದು ಶೇಕಡಾ 15ರಿಂದ 20. ಅದೇ ಸೊಂಟದ ಚಿತ್ರಕ್ಕೆ ಕಿರಣ ಅರ್ಧಕ್ಕಿಂತ ಕಡಿಮೆ ಸಾಕಾಯಿತು. ರೋಗಿಗೆ ಇದು ಗೊತ್ತೇ ಆಗಲಿಲ್ಲ. ಈ ಕಸುಬಿನಲ್ಲಿ ದೊಡ್ಡ ಉಪಕಾರಗಳೆಲ್ಲ ಹೀಗೆ ಗೊತ್ತಾಗದಂತೆಯೇ ನಡೆದಿವೆ.

ಆಮೇಲೆ ಫಿಲ್ಮೇ ಹೋಯಿತು. ಜಪಾನಿನ ಫ್ಯೂಜಿ ಕಂಪನಿ 1981ರಲ್ಲಿ ಪ್ರಕಟಿಸಿ 1983ರಲ್ಲಿ ಮಾರುಕಟ್ಟೆಗೆ ತಂದ ಸಿ.ಆರ್. (ಕಂಪ್ಯೂಟೆಡ್ ರೇಡಿಯಾಗ್ರಫಿ) ಪ್ಲೇಟು ನಮ್ಮ ಕಡೆಗೆ ಬರಲು ಹೆಚ್ಚೂಕಡಿಮೆ ಇಪ್ಪತ್ತೈದು ವರ್ಷ ಬೇಕಾಯಿತು. ಅದಕ್ಕೆ ಬಳಿದಿರುವುದು ಬೇರಿಯಂ ಫ್ಲೋರೋಬ್ರೋಮೈಡ್, ಜೊತೆಗೆ ಯುರೋಪಿಯಂ. ನನ್ನ ಬ್ಯಾಡ್ಜಿನ ಬಿಲ್ಲೆಯ ಹಾಗೆಯೇ ಇದು ಚಿತ್ರವನ್ನು ಬಚ್ಚಿಟ್ಟುಕೊಳ್ಳುತ್ತದೆ. ಓದಲು ಶಾಖ ಬೇಡ, ಕೆಂಪು ಲೇಸರ್ ಸಾಕು. ಲೇಸರ್ ಮುಟ್ಟಿದ ಕಡೆ ನೀಲಿ ಬೆಳಕು ಹೊರಬಂದು ಕಂಪ್ಯೂಟರಿಗೆ ಹೋಗುತ್ತದೆ. ಹಳೆಯ ಕ್ಯಾಸೆಟ್ಟಿನ ಅಳತೆಯಲ್ಲೇ ಇದ್ದುದರಿಂದ ಹಳೆಯ ಯಂತ್ರಕ್ಕೂ ಹೊಂದಿತು, ಸಣ್ಣ ಆಸ್ಪತ್ರೆಗಳಿಗೆ ಅದು ವರವಾಯಿತು. ಡಾರ್ಕ್‌ರೂಮಿಗೆ ಬೀಗ ಬಿತ್ತು. ನಮ್ಮ ಮೂರು ತೊಟ್ಟಿಗಳನ್ನು ಗುಜರಿಯವನು ಒಯ್ದ. ಹಳೆಯ ಫಿಲ್ಮುಗಳನ್ನು ಬೆಳ್ಳಿ ತೆಗೆಯುವವರು ತೂಕದ ಲೆಕ್ಕದಲ್ಲಿ ಕೊಂಡರು. ಊಟಿಯ ಕಾರ್ಖಾನೆಯೂ ಮುಚ್ಚಿತು. ಆನಂತರ ಬಂದ ಡಿ.ಆರ್. (ಡಿಜಿಟಲ್ ರೇಡಿಯಾಗ್ರಫಿ) ಫಲಕದಲ್ಲಿ ಕ್ಯಾಸೆಟ್ಟೂ ಇಲ್ಲ. ಸೀಸಿಯಂ ಅಯೊಡೈಡಿನ ಸೂಜಿಯಂಥ ಹರಳುಗಳು ಒತ್ತೊತ್ತಾಗಿ ನಿಂತು ಬೆಳಕು ಅಕ್ಕಪಕ್ಕ ಹರಡದಂತೆ ಕೆಳಕ್ಕೆ ಇಳಿಸುತ್ತವೆ, ಅದನ್ನು ಓದುವ ಸಿಲಿಕಾನ್ ಜಾಲ ಕೂತಿರುವುದು ಗಾಜಿನ ಹಾಳೆಯ ಮೇಲೆ. ಗಾಜು ಮತ್ತೆ ಬಂತು, ಕೆಳಗೆ ಬಿದ್ದರೆ ಲಕ್ಷಗಳ ಮಾತು. 2016ರಲ್ಲಿ ಮಡಿಕೇರಿಗೆ ವೈದ್ಯಕೀಯ ಕಾಲೇಜು ಬಂದ ಮೇಲೆ ಈ ಕಸುಬು ಶುರುಮಾಡಿದ ಮಕ್ಕಳಿಗೆ ಹೈಪೋ ವಾಸನೆಯೇ ಗೊತ್ತಿಲ್ಲ.

ಸುಲಭವಾದದ್ದರಲ್ಲಿ ಒಂದು ಅಪಾಯ ಸೇರಿಕೊಂಡಿತು, ಅದನ್ನು ಬರೆಯಲೆಂದೇ ನಾನು ಈ ಲೇಖನಕ್ಕೆ ಕೂತದ್ದು. ಫಿಲ್ಮಿನ ಕಾಲದಲ್ಲಿ ಕಿರಣ ಹೆಚ್ಚು ಕೊಟ್ಟರೆ ಚಿತ್ರ ಕಪ್ಪಾಗುತ್ತಿತ್ತು. ಡಾಕ್ಟರು ಅದನ್ನು ಎತ್ತಿ ತೋರಿಸಿ ಗದರುತ್ತಿದ್ದರು, ರಿಜಿಸ್ಟರಿನಲ್ಲಿ ‘ರಿಪೀಟ್’ ಎಂದು ಕೆಂಪು ಶಾಯಿ ಬೀಳುತ್ತಿತ್ತು. ತಪ್ಪಿಗೆ ಸಾಕ್ಷಿ ಇತ್ತು. ಡಿಜಿಟಲ್ ಫಲಕ ಹಾಗಲ್ಲ. ಕಿರಣ ಕಡಿಮೆಯಾದರೆ ಚಿತ್ರ ಕಾಳು ಕಾಳಾಗಿ ಗೊಣಗುತ್ತದೆ, ಹೆಚ್ಚಾದರೆ ಕಂಪ್ಯೂಟರ್ ಸರಿಪಡಿಸಿ ಇನ್ನೂ ಚಂದ ತೋರಿಸುತ್ತದೆ. ಬೈಗುಳ ತಪ್ಪಿಸಿಕೊಳ್ಳಲು ತಂತ್ರಜ್ಞರ ಕೈ ತಾನಾಗಿ ಮೇಲಕ್ಕೆ ಸರಿಯುತ್ತದೆ, ವರ್ಷ ಕಳೆದಂತೆ ಅದೇ ರೂಢಿಯಾಗುತ್ತದೆ. ಲೋಕದ ಎಲ್ಲ ಕಡೆಯ ರೇಡಿಯಾಲಜಿಯವರೂ ಗುರುತಿಸಿರುವ ಸಮಸ್ಯೆ ಇದು. ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಎಕ್ಸ್‌ಪೋಷರ್ ಇಂಡೆಕ್ಸ್ ಎಂಬ ಅಂಕಿ ಕಾಣುತ್ತಿರುತ್ತದೆ. ಅದನ್ನು ಓದುವವರು ಎಷ್ಟು ಜನ? ನೂರು ವರ್ಷ ಪರದೆ, ಪುಡಿ, ಪ್ಲೇಟು ಬದಲಿಸಿ ರೋಗಿಗಾಗಿ ಉಳಿಸಿದ ಕಿರಣವನ್ನು ನಾವು ಗುಂಡಿ ಒತ್ತುವ ಕೈಯಿಂದ ವಾಪಸು ಖರ್ಚು ಮಾಡುತ್ತಿದ್ದೇವೆ.

ಇಷ್ಟೆಲ್ಲ ಆದರೂ ಸಿ.ಆರ್. ಪ್ಲೇಟಿನಲ್ಲೂ ಆ ಮಂಜು ಬಿಟ್ಟುಹೋಗಿಲ್ಲ. ಅದೂ ಪುಡಿಯೇ. ಓದುವ ಲೇಸರ್ ಕಾಳುಗಳ ನಡುವೆ ಚದುರಿ ಅಕ್ಕಪಕ್ಕದ ಚಿತ್ರವನ್ನೂ ಎಬ್ಬಿಸುತ್ತದೆ. ಮೂಳೆಗೆ ಇದು ನಡೆಯುತ್ತದೆ, ಸ್ತನದೊಳಗಿನ ಸಾಸಿವೆಗಿಂತ ಸಣ್ಣ ಸುಣ್ಣದ ಕಣ ಹುಡುಕುವಾಗ ನಡೆಯುವುದಿಲ್ಲ. ಗಾಜು-ಸೆರಾಮಿಕ್ ಬರುವುದು ಇಲ್ಲಿ.

ಗಾಜಿನಲ್ಲಿ ಅಣುಗಳು ಅಡ್ಡಾದಿಡ್ಡಿ, ಹರಳಿನಲ್ಲಿ ಸಾಲು ಸಾಲು. ಮೊದಲು ಗಾಜು ಎರಕ ಹೊಯ್ದು, ಆಮೇಲೆ ಹದವಾಗಿ ಕಾಯಿಸಿ ಅದರೊಳಗೇ ಹರಳು ಬೆಳೆಸಿದರೆ ಗಾಜು-ಸೆರಾಮಿಕ್. 1953ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯಲ್ಲಿ ಡೊನಾಲ್ಡ್ ಸ್ಟೂಕಿ 600 ಡಿಗ್ರಿಗೆ ಕಾಯಿಸಬೇಕಿದ್ದ ಗಾಜಿನ ಚೂರು ಕುಲುಮೆ ಕೆಟ್ಟು 900ಕ್ಕೆ ಏರಿತು. ಕರಗಿರಬೇಕಿದ್ದದ್ದು ಹಾಲಿನಂತೆ ಬೆಳ್ಳಗಾಗಿ ಗಟ್ಟಿಯಾಗಿತ್ತು. ಇಕ್ಕಳದಿಂದ ಜಾರಿ ನೆಲಕ್ಕೆ ಬಿದ್ದರೂ ಒಡೆಯಲಿಲ್ಲ. ಅಡುಗೆ ಪಾತ್ರೆಗಳಾಗಿ ಅದು ಲೋಕಪ್ರಸಿದ್ಧವಾಯಿತು. ಇತ್ತ 1970ರ ದಶಕದ ಮಧ್ಯದಲ್ಲಿ ಫ್ರಾನ್ಸಿನ ರೆನ್ ವಿಶ್ವವಿದ್ಯಾಲಯದ ಪುಲ್ಯಾಂ ಸೋದರರು ಮತ್ತು ಜಾಕ್ ಲ್ಯೂಕಾ ಆಮ್ಲಜನಕದ ಬದಲು ಫ್ಲೋರಿನ್ ಇರುವ, ಜಿರ್ಕೋನಿಯಂ ಮೂಲದ ಹೊಸ ಗಾಜು ಕಂಡುಹಿಡಿದರು. ಈ ಎರಡು ಎಳೆ ಸೇರಿದ್ದು 2000ರ ದಶಕದಲ್ಲಿ, ಜರ್ಮನಿಯ ಪಾಡರ್‌ಬೋರ್ನ್, ನ್ಯೂಜಿಲೆಂಡಿನ ವೆಲಿಂಗ್ಟನ್, ಅಮೆರಿಕದ ಆರ್ಗಾನ್ ಪ್ರಯೋಗಾಲಯಗಳಲ್ಲಿ. ಸ್ಟೆಫಾನ್ ಷ್ವೈಟ್ಸರ್, ಆಂಡಿ ಎಡ್ಗರ್, ಜಾಕ್ವೆಲಿನ್ ಜಾನ್ಸನ್ ಮೊದಲಾದವರು ಫ್ಲೋರೈಡ್ ಗಾಜಿಗೆ ಚೂರು ಕ್ಲೋರಿನ್ ಅಥವಾ ಬ್ರೋಮಿನ್, ಜೊತೆಗೆ ಯುರೋಪಿಯಂ ಸೇರಿಸಿ ಇನ್ನೂರೈವತ್ತು ಡಿಗ್ರಿ ದಾಟಿಸಿ ಕಾಯಿಸಿದರು. ಗಾಜಿನೊಳಗೆ ಬೇರಿಯಂ ಕ್ಲೋರೈಡ್ ಅಥವಾ ಬ್ರೋಮೈಡಿನ ಅತಿ ಸೂಕ್ಷ್ಮ ಹರಳುಗಳು ಮೂಡಿದವು.

ಹರಳು ಬೆಳಕಿನ ತರಂಗಕ್ಕಿಂತ ಎಷ್ಟೋ ಸಣ್ಣದಿದ್ದರೆ ಬೆಳಕಿಗೆ ಅದು ಅಡ್ಡಿಯೇ ಅಲ್ಲ. ಹಲಗೆ ಕಿಟಕಿ ಗಾಜಿನಂತೆ ಪಾರದರ್ಶಕ. ಲೇಸರ್ ಚದುರದೆ ನೇರ ಒಳಗೆ ಇಳಿಯುತ್ತದೆ, ದಪ್ಪ ಇದ್ದರೂ ಅಂಚು ಕದಡುವುದಿಲ್ಲ. ಕಾಯಿಸುವ ಹದದಲ್ಲೇ ಎಲ್ಲ ಇದೆ: ಕಡಿಮೆ ಕಾವಿಗೆ ಬೇರಿಯಂ ಕ್ಲೋರೈಡಿನ ಒಂದು ಬಗೆಯ ಹರಳು, ಕಿರಣ ಬಿದ್ದ ಕೂಡಲೇ ಹೊಳೆಯುವಂಥದು. ಇನ್ನಷ್ಟು ಕಾಯಿಸಿದರೆ ಜೋಡಣೆ ಬದಲಾಗಿ ಚಿತ್ರವನ್ನು ಬಚ್ಚಿಟ್ಟುಕೊಳ್ಳುವ ಇನ್ನೊಂದು ಬಗೆ. ಅತಿಯಾದರೆ ಹರಳು ದೊಡ್ಡದಾಗಿ ಮತ್ತೆ ಮಂಜು. ಬಿಡಿಯಾಗಿ ಗಾಳಿಯ ತೇವ ಹೀರುವ ಈ ಲವಣ ಗಾಜಿನೊಳಗೆ ಕ್ಷೇಮವಾಗಿರುತ್ತದೆ. ಕಕ್ಕಡ ಕಂಡವರಿಗೆ ಈ ಮಾತಿನ ತೂಕ ತಿಳಿಯುತ್ತದೆ. ಆದರೆ ಫ್ಲೋರೈಡ್ ಗಾಜಿಗೂ ನೀರು ಆಗಿಬರುವುದಿಲ್ಲ, ಮೈ ಸವೆಯುತ್ತದೆ. ಕರಗಿಸುವಾಗ ತೇವವಿಲ್ಲದ ಪೆಟ್ಟಿಗೆ ಬೇಕು. ಮೊದಲ ಮಾದರಿಗಳ ಬೆಳಕು ಪುಡಿಯ ಪ್ಲೇಟಿಗಿಂತ ಕಡಿಮೆ ಇತ್ತು. ಎದೆಯ ಚಿತ್ರಕ್ಕೆ ಬೇಕಾದ ಹದಿನಾಲ್ಕು, ಹದಿನೇಳು ಇಂಚಿನ ಹಲಗೆಯನ್ನು ಒಂದೇ ಹದದಲ್ಲಿ ಎರಕ ಹೊಯ್ಯುವುದು ಚಿಕ್ಕ ಕೆಲಸವಲ್ಲ. ನಮ್ಮ ಕರಾವಳಿಯ ಮಣಿಪಾಲದ ತಾಂತ್ರಿಕ ವಿದ್ಯಾಲಯದ ಭೌತವಿಜ್ಞಾನ ವಿಭಾಗದಲ್ಲೂ ವಿರಳ ಭಸ್ಮ ಧಾತು ಬೆರೆಸಿದ ಗಾಜುಗಳನ್ನು ವಿಕಿರಣ ಅಳೆಯಲು ಹದಗೊಳಿಸುವ ಸಂಶೋಧನೆ ನಡೆದಿದೆ. ಕೊಡಗಿನಿಂದ ಒಂದು ಘಾಟಿ ಇಳಿದರೆ ಸಿಗುವ ದೂರ.

ಕೊಡಗಿನ ಎಕ್ಸ್-ರೇ ಕೋಣೆಗೆ ಈ ಹಲಗೆ ಬರಲು ಎಷ್ಟು ಕಾಲ ಬೇಕೋ, ಸಿ.ಆರ್. ಪ್ಲೇಟಿನ ಅನುಭವ ನೋಡಿದರೆ ಅವಸರವಿಲ್ಲ. ಬಂದಾಗ ಅದು ನೂರಮೂವತ್ತು ವರ್ಷದ ಚೌಕಾಸಿಯಲ್ಲಿ ರೋಗಿಯ ಪರವಾಗಿ ದೊಡ್ಡ ಗೆಲುವೇ. ಆದರೆ ಆ ಗೆಲುವು ಹಲಗೆಯಲ್ಲಿ ತಾನಾಗಿ ಬರುವುದಿಲ್ಲ. ಚುರುಕಾದ ಹಲಗೆ ಬಂದಾಗಲೆಲ್ಲ ನಾವು ಚಿತ್ರಗಳನ್ನು ಹೆಚ್ಚಿಸಿದ್ದೇವೆ. ಎದೆಯ ಒಂದು ಸಿ.ಟಿ. ಸ್ಕ್ಯಾನಿಗೆ ತಗಲುವ ಕಿರಣ ಸಾದಾ ಎಕ್ಸ್-ರೇಯ ನೂರು ಪಟ್ಟಿನ ಆಸುಪಾಸು ಎಂದು ತಿಳಿದೂ ‘ಸ್ಕ್ಯಾನೇ ಮಾಡಿಬಿಡಿ ಸಿಸ್ಟರ್’ ಎನ್ನುವವರೇ ಹೆಚ್ಚು.

ಹಾಗಾಗಿ ಓದುಗರಲ್ಲಿ ಎರಡು ಮಾತು. ಎಕ್ಸ್-ರೇಗೆ ಹೋಗುವಾಗ ಹಳೆಯ ಚಿತ್ರವನ್ನೋ ಸಿ.ಡಿ.ಯನ್ನೋ ಜೊತೆಗೆ ಒಯ್ಯಿರಿ, ಅದೇ ಭಾಗದ ಚಿತ್ರ ಮತ್ತೆ ಬೇಕೇ ಎಂದು ಕೇಳಿ, ಬಸುರಿದ್ದರೆ ಮೊದಲೇ ಹೇಳಿ, ತಂತ್ರಜ್ಞರ ಎದೆಯ ಮೇಲೆ ಬ್ಯಾಡ್ಜ್ ಇದೆಯೇ ನೋಡಿ. ತಮ್ಮ ಲೆಕ್ಕ ಇಟ್ಟುಕೊಳ್ಳುವವರು ನಿಮ್ಮ ಲೆಕ್ಕವನ್ನೂ ಇಡುತ್ತಾರೆ. ಇನ್ನೊಂದು, ನಿಮ್ಮ ಐನ್‌ಮನೆಯ ಅಟ್ಟದಲ್ಲೋ, ಹಳೆಯ ಡಾಕ್ಟರ ಕುಟುಂಬದ ಪೆಟ್ಟಿಗೆಯಲ್ಲೋ ಗಾಜಿನ ಪ್ಲೇಟು, ಬಿಳಿ ಪರದೆಯ ಕ್ಯಾಸೆಟ್ಟು, ಕೆಂಪು ಕನ್ನಡಕ ಇದ್ದರೆ ಗುಜರಿಗೆ ಹಾಕಬೇಡಿ. ಮಡಿಕೇರಿ ಕೋಟೆಯೊಳಗಿನ ಹಳೆಯ ಚರ್ಚಿನ ವಸ್ತುಸಂಗ್ರಹಾಲಯದಲ್ಲಿ ವಿಗ್ರಹಗಳಿಗೆ, ವೀರಗಲ್ಲಿಗೆ, ಆಯುಧಗಳಿಗೆ ಜಾಗವಿದೆ. ಕೋವಿಯ ಪಕ್ಕದಲ್ಲಿ, ಅದರ ಚರೆ ಎಲ್ಲಿ ಹೊಕ್ಕಿದೆ ಎಂದು ತೋರಿಸಿ ಜೀವ ಉಳಿಸಿದ ಕ್ಯಾಸೆಟ್ಟಿಗೂ ಒಂದು ಮೂಲೆ ಕೊಡುವುದು ನ್ಯಾಯ.